ಮನುಷ್ಯ: ಒಂದು ಹುದ್ದೆ, ಗುತ್ತಿಗೆ ಮೇಲೆ

"ಈ ಮೂಲಕ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ದೇಶದ ಸಾರ್ವಭೌಮತೆ, ಅಖಂಡತೆ ಹಾಗೂ ಕಡಲ ಗಡಿಯ ರಕ್ಷಣೆಯ ಹಿತದೃಷ್ಟಿಯಿಂದ ಇನ್ನು ಮುಂದೆ ಕ್ಯಾಂಟೀನಿನ ಮಜ್ಜಿಗೆಗೆ ಕರಿಬೇವಿನ ಸೊಪ್ಪು ಹಾಕತಕ್ಕದ್ದಲ್ಲ."

ಬಂಡೆಹಟ್ಟಿ ರಕ್ಷಣಾ ಕೇಂದ್ರದ ನೋಟೀಸ್ ಬೋರ್ಡಿಗೆ ಈ ಸುತ್ತೋಲೆ ಅಂಟಿದ್ದು ಒಂದು ಸೋಮವಾರ. ಕೆಳಗೆ ಎರಡು ಸಹಿ, ಮೂರು ಸೀಲು, ಪ್ರತಿಗಳು ಹನ್ನೊಂದು ಇಲಾಖೆಗೆ. ಕಾರಣ ಇಷ್ಟೇ. ಹಿಂದಿನ ವಾರ ಸಣ್ಣೀರಮ್ಮ ಮಜ್ಜಿಗೆ ಕುಡಿದು ಬಂದು ಗಾಜಿನ ಫಲಕದ ಮೇಲೆ ಹೆಬ್ಬೆಟ್ಟು ಇಟ್ಟಿದ್ಲು. ಬೆರಳಿಗೆ ಕರಿಬೇವಿನ ಚೂರೊಂದು ಅಂಟಿತ್ತು. ಯಂತ್ರ ಒಂದು ಸಲ ನೋಡ್ತು, ಎರಡು ಸಲ ನೋಡ್ತು, ಆಮೇಲೆ ಇಡೀ ಕಟ್ಟಡಕ್ಕೆ ಕೇಳೋ ಹಾಗೆ ಕೂಗ್ತು: "ಮನುಷ್ಯ ಇಲ್ಲ. ಗಿಡ ಇದೆ." ಹನ್ನೊಂದು ನಿಮಿಷ ಸೈರನ್ನು. ಡೈರೆಕ್ಟರ್ ಸಾಹೇಬ್ರು ಸ್ನಾನದ ಮನೆಯಿಂದ ಹಾಗೇ ಓಡಿ ಬಂದಿದ್ರು.

"ಕೈ ತೊಳ್ಕೊಂಡು ಬಾರಮ್ಮ ಅಂತ ಒಂದ್ ಮಾತು ಹೇಳಿದ್ರೆ ಸಾಕಾಗಿತ್ತಲ್ಲ ಸಾ" ಅಂದ್ಲು ಸಣ್ಣೀರಮ್ಮ.

"ಹೇಳಿದ್ರೆ ಅದು ಬರೀ ಮಾತಾಗುತ್ತಮ್ಮ. ನಾಳೆ ಆಡಿಟ್‌ನೋರು ಕೇಳಿದ್ರೆ ಮಾತನ್ನ ಎಲ್ಲಿಂದ ತಂದು ತೋರಿಸ್ಲಿ?" ಅಂದ್ರು ಸೂಪರಿಂಟೆಂಡೆಂಟ್ ಶೇಷಗಿರಿಯಪ್ಪ. ಶೇಷಗಿರಿಯಪ್ಪ ಕೈ ಇಟ್ಟ ಕಡೆ ಬೇರೆಯವರಿಗೆ ಏನೂ ಶೇಷ ಉಳೀತಿರಲಿಲ್ಲ, ಆ ಮಾತು ಬೇರೆ.

ಈ ಯಂತ್ರದ ಸರ್ಕಾರಿ ಹೆಸರು ಒಂದೂವರೆ ಸಾಲು ಉದ್ದ ಇತ್ತು. ಜನ ಅದಕ್ಕೆ ಇಟ್ಟಿದ್ದ ಹೆಸರು ಗುಮ್ಮ. ಗುಮ್ಮನಿಗೆ ಆಕಾಶದಲ್ಲಿ ಕಣ್ಣು, ಸಮುದ್ರದ ತಳದಲ್ಲಿ ಕಿವಿ. ಯಾರು ಎಲ್ಲಿ ದೋಣಿ ತಿರುಗಿಸಿದ್ರು, ಯಾವ ಮಂತ್ರಿ ಯಾವ ಭಾಷಣದಲ್ಲಿ ಹಲ್ಲು ಕಡಿದ್ರು, ಎಲ್ಲ ಅದಕ್ಕೆ ಗೊತ್ತು. ಗೊತ್ತಾದ ನಾಲ್ಕೇ ಸೆಕೆಂಡಿಗೆ ಯಾರನ್ನ ಹೊಡೀಬೇಕು ಅಂತ ತೀರ್ಮಾನ ಮಾಡ್ತಿತ್ತು. ಹೊಡಿಯೋಕೆ ಅದರ ಹತ್ರ ಇದ್ದದ್ದು ಕಣಜ. ಮೊದಲ ದಿನ ಸಣ್ಣೀರಮ್ಮ, ಪರವಾಗಿಲ್ಲ, ಸೈನ್ಯದೋರೂ ರಾಗಿ ಕೂಡಿಡ್ತಾರೆ ಅಂದ್ಕೊಂಡಿದ್ಲು. ಅದು ಆ ಕಣಜ ಅಲ್ಲ, ಕಚ್ಚೋ ಕಣಜ. ಹೆಬ್ಬೆರಳಿನ ಗಾತ್ರದ ಲೋಹದ ಹುಳ. ಒಂದು ಡಬ್ಬಿಯಲ್ಲಿ ನಲವತ್ತು ಸಾವಿರ.

ಇಂಥ ಗುಮ್ಮಗಳು ಕಡಲ ಸುತ್ತಿನ ಏಳು ದೇಶಕ್ಕೂ ಬಂದ ಮೇಲೆ ಏಳೂ ದೇಶದೋರಿಗೆ ರಾತ್ರಿ ನಿದ್ದೆ ಹೋಯ್ತು. ಎಲ್ಲರೂ ಒಂದು ಹವಾನಿಯಂತ್ರಿತ ಹೋಟೆಲಿನಲ್ಲಿ ಸೇರಿ ಒಂಬತ್ತು ದಿನ ಮಾತುಕತೆ ಆಡಿದ್ರು. ಒಂದು ದಿನ ಮಾತು, ಎಂಟು ದಿನ ಕತೆ. ಕೊನೆಗೆ ಒಡಂಬಡಿಕೆ ಆಯ್ತು: ಯಾವ ಯಂತ್ರವೂ ಮನುಷ್ಯನ ಒಪ್ಪಿಗೆ ಇಲ್ಲದೆ ಜೀವ ತೆಗೀಬಾರದು. ಆ ಮನುಷ್ಯ ಸೈನಿಕ ಆಗಿರಬಾರದು, ಯಾಕಂದ್ರೆ ಹೇಳಿದ ಮಾತು ಕೇಳ್ತಾನೆ. ಅಧಿಕಾರಿ ಆಗಿರಬಾರದು, ಯಾಕಂದ್ರೆ ಹೇಳದೇ ಇದ್ದದ್ದನ್ನೂ ಕೇಳ್ತಾನೆ. ಸಾಮಾನ್ಯ ಮನುಷ್ಯ ಆಗಿರಬೇಕು. ಫಲಕದ ಮೇಲಿಟ್ಟ ಹೆಬ್ಬೆಟ್ಟು ಬೆಚ್ಚಗಿರಬೇಕು, ನಾಡಿ ಸಮವಾಗಿ ಬಡೀತಿರಬೇಕು. ಹೆದರಿಸಿ ಒತ್ತಿಸಿದ್ರೆ ನಾಡಿ ಏರುತ್ತೆ, ಗುಮ್ಮ ಒಪ್ಪಲ್ಲ.

ಹೀಗೆ ಸರ್ಕಾರದಲ್ಲಿ ಒಂದು ಹುದ್ದೆ ಹುಟ್ಟಿತು. ಹೆಸರು: ಮನುಷ್ಯ. ಖಾಯಂ ನೇಮಕಾತಿಗೆ ನಿಷೇಧ ಇದ್ದದ್ದರಿಂದ ಗುತ್ತಿಗೆ ಮೇಲೆ ತುಂಬಿಕೊಂಡ್ರು. ದೇಶಕ್ಕೆ ದೇಶವೇ ಸುಡಬಲ್ಲ ಯಂತ್ರದ ಮುಂದೆ ಮನುಷ್ಯಳಾಗಿ ಕೂರೋಕೆ ಬಂಡೆಹಟ್ಟಿಯ ಸಣ್ಣೀರಮ್ಮನ್ನ ಏಜೆನ್ಸಿಯೋರು ಕಳಿಸಿದ್ರು, ತೋಟಕ್ಕೊಬ್ಬರು ಗೇಟಿಗೊಬ್ಬರು ಅಂತ ಕಳಿಸಿದ ಹಾಗೆ. ಅದಾಗಿ ಒಂಬತ್ತು ವರ್ಷ. ಅಷ್ಟು ವರ್ಷದಲ್ಲಿ ಗುಮ್ಮ ಹದಿನಾಲ್ಕು ಸಲ ಅವಳನ್ನ ಕೇಳಿತ್ತು: "ಹೊಡೆಯಲೇ?" ಹದಿನಾಲ್ಕು ಸಲವೂ ಅವಳು ಪರದೆ ನೋಡಿ, "ಅದು ಮೀನಿನ ದೋಣಿ ಕಣಪ್ಪ, ಸುಮ್ಕಿರು" ಅಂದಿದ್ಲು.

ದಿನಾ ಹತ್ತು ಗಂಟೆಗೆ ಇನ್ನೊಂದು ಕೆಲಸ ಇತ್ತು. ಒಡಂಬಡಿಕೆ ಪ್ರಕಾರ ಒಂದು ದೇಶದ ಮನುಷ್ಯ ಎದುರು ದೇಶದ ಮನುಷ್ಯನಿಗೆ ಫೋನ್ ಮಾಡಿ "ನಾನಿದ್ದೀನಿ, ನೀವಿದ್ದೀರಾ?" ಅಂತ ಕೇಳಬೇಕು. ನಮ್ಮ ಎದುರು ದೇಶ ಲಾಂಬೂರು. ಕೊನೇಲಿ ಊರು ಅಂತ ಇರೋದ್ರಿಂದ ಅದು ಹಿರಿಯೂರಿನ ಆಚೆ ಎಲ್ಲೋ ಇರಬೇಕು ಅಂತ ಸಣ್ಣೀರಮ್ಮ ಎರಡು ವರ್ಷ ನಂಬಿದ್ಲು. ಅಲ್ಲಿಯ ಮನುಷ್ಯ ತಮೀರಾ. ಅವಳೂ ಹೆಂಗಸು, ಅವಳೂ ಗುತ್ತಿಗೆ. ಇವರಿಬ್ಬರ ಮಧ್ಯೆ ಭಾಷಾಂತರ ಮಾಡೋ ಯಂತ್ರಕ್ಕೆ ಕನ್ನಡ ಕಲಿಸಿದೋರು ಯಾರೋ ತಾಳೆಗರಿ ಪಂಡಿತರಿರಬೇಕು.

"ನಾನಿದ್ದೀನಿ, ನೀನಿದ್ದೀಯಾ ತಮೀರಕ್ಕ?"

"ಇರುವೆನು ಭಗಿನಿಯೇ" ಅಂತು ಯಂತ್ರ. "ನಿನ್ನೆಯ ದಿನ ನಮ್ಮ ಮೇಕೆಯು ನೆರೆಯವರ ಲಂಗವನ್ನು ಭಕ್ಷಿಸಿತು. ತನ್ನಿಮಿತ್ತ ಮಹಾಕಲಹವು ಸಂಭವಿಸಿತು."

"ಅಯ್ಯೋ, ಲಂಗಾನೇ ತಿಂದ್ಬಿಡ್ತಾ! ಅದಕ್ಕೆ ಹೊಟ್ಟೆ ನೋವು ಬರ್ಲಿಲ್ವಾ?"

"ಮೇಕೆಗೆ ಬರಲಿಲ್ಲ. ನನ್ನ ಪತಿಗೆ ಬಂತು, ನಕ್ಕು ನಕ್ಕು."

ಎರಡು ನಿಮಿಷದ ಫೋನು. ಒಂಬತ್ತು ವರ್ಷದಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಆದ್ರೆ ತಮೀರಾಳ ಎಡ ಮಂಡಿ ಯಾವ ತಿಂಗಳು ಜಾಸ್ತಿ ನೋಯುತ್ತೆ ಅಂತ ಸಣ್ಣೀರಮ್ಮಂಗೆ ಗೊತ್ತಿತ್ತು.

ಆ ಸೋಮವಾರ ಫೋನ್ ಇಟ್ಟ ಮೇಲೆ ಡೈರೆಕ್ಟರ್ ಡಾಕ್ಟರ್ ನಿರಂಜನ್ ಅವಳನ್ನ ಚೇಂಬರಿಗೆ ಕರೆಸಿದ್ರು. ಕುರ್ಚಿ ತೋರಿಸಿ "ಕೂತ್ಕೊಳ್ಳಿ" ಅಂದ್ರು. ಅವಳಿಗೆ ಆಗಲೇ ಭಯ ಆಯ್ತು. ಈ ಕೇಂದ್ರದಲ್ಲಿ ಯಾರೂ ಅವಳಿಗೆ ಬಹುವಚನ ಹಾಕಿದ್ದಿಲ್ಲ.

"ಸಮುದ್ರದಲ್ಲಿ ಒಂದು ಬಂಡೆ ಇದೆ, ಗೊತ್ತಲ್ಲ?"

"ಟಿವಿಲಿ ತೋರಿಸ್ತಾರಲ್ಲ ಸಾ. ನೀರಿಳಿದಾಗ ಕಾಣ್ತೈತೆ, ನೀರು ಬಂದಾಗ ಮುಳುಗ್ತೈತೆ."

"ಅದೇ. ಇಳಿತದಲ್ಲಿ ನಾವು ಬಾವುಟ ನೆಡ್ತೀವಿ, ಮುಂದಿನ ಇಳಿತದಲ್ಲಿ ಲಾಂಬೂರಿನೋರು ಕಿತ್ತು ಅವರದ್ದು ನೆಡ್ತಾರೆ. ಇದಕ್ಕೊಂದು ಶಾಶ್ವತ ಪರಿಹಾರ ಬೇಕು. ನಾವು ಸೈನ್ಯವನ್ನ ಆಧುನಿಕ ಮಾಡಿರೋದು ಮೆರವಣಿಗೆಗಲ್ಲ." ಡೈರೆಕ್ಟರ್ ಮುಂದೆ ಬಾಗಿದ್ರು. "ಗುಮ್ಮನ ಹೊಸ ಮಾದರಿ ತಯಾರಾಗಿದೆ. ಹೊರದೇಶದೋರು ಕೊಳ್ಳೋಕೆ ಸಾಲು ನಿಂತಿದ್ದಾರೆ. ಆದ್ರೆ ಒಂದೇ ಪ್ರಶ್ನೆ ಕೇಳ್ತಾರೆ, ಇದನ್ನ ನಿಜವಾದ ಯುದ್ಧದಲ್ಲಿ ಬಳಸಿದ್ದೀರಾ ಅಂತ."

"ಬಂಡೆ ಒಡೀತೀರಾ ಸಾ?"

"ಬಂಡೆ ಒಡೆದ್ರೆ ಅವರ ಗುಮ್ಮ ತಿರುಗಿ ನಮ್ಮನ್ನ ಒಡೆಯುತ್ತೆ. ಅದಕ್ಕೇ ಗುಮ್ಮ ಬಹಳ ಜಾಣ ಲೆಕ್ಕ ಹಾಕಿದೆ. ಮನುಷ್ಯನ ಹೆಬ್ಬೆಟ್ಟಿಲ್ಲದೆ ಅವರ ಯಂತ್ರ ಅಲ್ಲಾಡಲ್ಲ. ಹಂಗಾದ್ರೆ ಮೊದಲು ಅವರ ಮನುಷ್ಯನನ್ನ ತೆಗೆದ್ರಾಯ್ತು. ಒಂದೇ ಡಬ್ಬಿ ಕಣಜ, ಒಂದೇ ಕೋಣೆ, ಒಂದೇ ಗುರಿ. ಬುಧವಾರ ಹತ್ತು ಗಂಟೆಗೆ. ಆ ಹೊತ್ತಿಗೆ ಅವರ ಮನುಷ್ಯ ಫೋನ್ ಮುಂದೆ ಕೂತೇ ಇರ್ತಾರೆ."

"ಆ ಮನುಷ್ಯ ತಮೀರಕ್ಕ ಸಾ."

"ಗುರಿ ಸಂಖ್ಯೆ ಒಂದು" ಅಂತ ತಿದ್ದಿದ್ರು ಡೈರೆಕ್ಟರ್. "ನೀವು ಬೆರಳಿಟ್ರೆ ಸಾಕು. ಮಾರನೇ ದಿನ ನಿಮ್ಮ ಕೆಲಸ ಖಾಯಂ. ಕ್ವಾರ್ಟರ್ಸು ಕೂಡ."

ಸಂಜೆ ಮನೆಗೆ ಬಂದಾಗ ಗಂಡ ಪಾಲಯ್ಯ ನೀರಿನ ಟ್ಯಾಂಕರ್ ತೊಳೀತಿದ್ದ. ಅತ್ತೆ ಬೋರಮ್ಮ ಜಗಲಿ ಮೇಲೆ ಅವರೆಕಾಯಿ ಸುಲೀತಿದ್ಲು. ಸಣ್ಣೀರಮ್ಮ ಅತ್ತೆ ಪಕ್ಕ ಕುಸಿದು ಕೂತು ಎಲ್ಲ ಹೇಳಿದ್ಲು.

ಪಾಲಯ್ಯನ ಕಿವಿಗೆ ಮೊದಲು ಬಿದ್ದದ್ದು ಕೊನೇ ಮಾತು. "ಖಾಯಮ್ಮಾ? ಕ್ವಾರ್ಟರ್ಸಾ? ನಲ್ಲೀಲಿ ನೀರು ಬತ್ತದಾ ಅಲ್ಲಿ?"

"ದಿನಾ ಟ್ಯಾಂಕರ್‌ಗಟ್ಟಲೆ ನೀರು ಹೊಡೆಯೋನು ನಲ್ಲಿ ಕೇಳ್ತಾನೆ ನೋಡವ್ವ" ಅಂದ್ಲು ಬೋರಮ್ಮ. "ಅಲ್ಲ ಕಣೇ, ಆ ಯಮ್ಮ ನಿಂಗೇನು ಮಾಡೈತೆ?"

"ಏನೂ ಇಲ್ಲ ಅತ್ತೆ. ನನ್ ಗರ್ಭಕೋಶದ ಆಪ್ರೇಶನ್ ಆದಾಗ ಹದಿನೈದು ದಿನ ದಿನಾ ಕೇಳೈತೆ, ಗಂಜಿ ಕುಡುದ್ಯಾ ಅಂತ."

"ಮತ್ತೆ ಆ ದೊಡ್ಡ ಮನ್ಸ ನಿನ್ ಕೈಲಿ ಯಾಕೆ ಮಾಡಿಸ್ತಾನೆ? ಅವನ ಕೈಯೇನು ಸೇದೋಗೈತಾ?"

"ಕಾನೂನು ಅತ್ತೆ. ದೊಡ್ಡೋರು ಮಾಡಂಗಿಲ್ಲ. ಮನುಷ್ಯರೇ ಮಾಡ್ಬೇಕು."

ಬೋರಮ್ಮ ಅವರೆಕಾಯಿ ಕೆಳಗಿಟ್ಲು. "ಕೊಲ್ಲಾಕೆ ಮಾತ್ರ ನಾವು ಮನುಷ್ಯರು, ಅಲ್ವಾ? ರೇಷನ್ ಅಂಗಡಿ ಮುಂದೆ ನಿಂತಾಗ ಏನಾಗಿದ್ವಂತೆ?"

ಪಾಲಯ್ಯ ಪೈಪು ಕೈಯಲ್ಲಿ ಹಿಡಕೊಂಡು ಹಂಗೇ ನಿಂತಿದ್ದ. ನೀರು ಸುಮ್ಮನೆ ಹರೀತಿತ್ತು. "ಆ ಮೇಕೆ ಸಾಕಿರೋ ಯಮ್ಮನಾ?" ಅಂದ. ಸಣ್ಣೀರಮ್ಮ ಹೂಂ ಅಂದ್ಲು. ಅವನು ಟ್ಯಾಂಕರಿನ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ. "ಬ್ಯಾಡ ಬುಡು. ಕೆಲಸ ಹೋದ್ರೆ ಹೋಗ್ಲಿ. ಟ್ಯಾಂಕರ್ ಐತೆ."

ಮಂಗಳವಾರ ಹತ್ತು ಗಂಟೆಗೆ ಫೋನಿನ ಪಕ್ಕದಲ್ಲಿ ಡೈರೆಕ್ಟರ್ ನಿಂತಿದ್ರು, ಬೆರಳು ಲೈನ್ ಕತ್ತರಿಸೋ ಗುಂಡಿ ಮೇಲೆ. "ಸರ್ಕಾರಿ ವಾಕ್ಯ ಮಾತ್ರ" ಅಂದ್ರು.

"ನಾನಿದ್ದೀನಿ. ನೀನಿದ್ದೀಯಾ ತಮೀರಕ್ಕ? ನಾಳೆ ಕೆಲಸಕ್ಕೆ ಬರ್ಬ್ಯಾ..."

ಟಕ್. ಯಂತ್ರ ಭಾಷಾಂತರಕ್ಕೆ ಬಾಯಿ ತೆರೆಯೋಕೆ ಮುಂಚೆ ಲೈನು ಸತ್ತಿತ್ತು.

ಸಣ್ಣೀರಮ್ಮ ಎದ್ದು ನಿಂತ್ಲು. "ನಾನು ಬೆರಳಿಡಲ್ಲ ಸಾ. ಇಟ್ರೂ ನಿಮ್ಮ ಗುಮ್ಮ ಒಪ್ಪಲ್ಲ, ನನ್ ಎದೆ ಹೊಡ್ಕೊಳ್ಳೋದು ಇಲ್ಲಿಗೆ ಕೇಳ್ತಾ ಐತೆ. ಒಂಬತ್ತು ವರ್ಷ ಬೇಡ ಬೇಡ ಅಂತ ಹೇಳೋಕೇ ಕೂತಿದ್ದೋಳು ನಾನು. ಹದಿನಾಲ್ಕು ಸಲ ನಿಮ್ಮನ್ನ ಉಳಿಸಿದ್ದೀನಿ. ಯಾರಾದ್ರೂ ಒಬ್ರು ಬಂದು ಟೀ ಕುಡ್ದ್ಯಾ ಅಂತ ಕೇಳಿದ್ರಾ? ಈಗ ಒಬ್ಬಳು ಬಡವಿನ ಕೊಲ್ಲೋಕೆ ಇನ್ನೊಬ್ಬಳು ಬಡವಿ ಬೆರಳು ಬೇಕಾ?"

"ದೇಶದ ಪ್ರಶ್ನೆ ಇದು!"

"ದೇಶದ ಪ್ರಶ್ನೆ ಆಗಿದ್ರೆ ದೇಶದೋರನ್ನ ಕೇಳಿ. ಇದು ನಿಮ್ಮ ಅಂಗಡಿ ಪ್ರಶ್ನೆ."

ಡೈರೆಕ್ಟರ್ ಮುಖ ಕೆಂಪಾಯ್ತು. ಆಗ ಬಾಗಿಲ ಹತ್ರ ಕೆಮ್ಮು ಕೇಳಿಸ್ತು. ಶೇಷಗಿರಿಯಪ್ಪ. ಕಂಕುಳಲ್ಲಿ ಕೆಂಪು ದಾರ ಕಟ್ಟಿದ ಫೈಲು, ಮುಖದಲ್ಲಿ ಮದುವೆ ಮನೆ ಕಳೆ.

"ತಲೆ ಕೆಡಿಸ್ಕೋಬೇಡಿ ಸಾರ್. ನಾಳೆ ಈಯಮ್ಮಂಗೆ ಬ್ರೇಕ್ ಡ್ಯೂ ಇದೆ."

ಬ್ರೇಕ್ ಅಂದ್ರೆ ಗಾಡಿ ಬ್ರೇಕ್ ಅಲ್ಲ. ಗುತ್ತಿಗೆ ಕೆಲಸದೋರ ಕುತ್ತಿಗೆ ಹಿಡಿಯೋ ಸರ್ಕಾರಿ ಸಂಪ್ರದಾಯ. ಒಬ್ಬ ವ್ಯಕ್ತಿ ಒಂದು ವರ್ಷ ಎಡೆಬಿಡದೆ ಕೆಲಸ ಮಾಡಿದ್ರೆ ಖಾಯಂ ಮಾಡಿ ಅಂತ ಕೇಳೋ ಹಕ್ಕು ಬರುತ್ತೆ. ಅದು ಬರಬಾರದು ಅಂತ ಹನ್ನೊಂದು ತಿಂಗಳಾದ ಕೂಡಲೆ ಒಂದು ದಿನದ ಮಟ್ಟಿಗೆ ಕೆಲಸದಿಂದ ತೆಗೆದು ಮಾರನೇ ದಿನ ಹೊಸಬಳ ಹಾಗೆ ಸೇರಿಸ್ಕೊಳ್ತಾರೆ. ಹಾಜರಿ ಪುಸ್ತಕದಲ್ಲಿ ಅವತ್ತು ಅಡ್ಡಗೀಟು. ಹಾಗಂತ ಅವಳು ಮನೇಲಿ ಕೂರೋ ಹಾಗಿಲ್ಲ. ಸಹಿ ಹಾಕದೆ, ಬಿಟ್ಟಿಯಾಗಿ, ಬಂದು ಅದೇ ಕುರ್ಚಿಯಲ್ಲಿ ಕೂತು ಅದೇ ಫೋನ್ ಮಾಡಬೇಕು. ಒಂಬತ್ತು ವರ್ಷದಿಂದ ಹನ್ನೊಂದು ತಿಂಗಳಿಗೊಂದು ದಿನ ಸಣ್ಣೀರಮ್ಮ ಸರ್ಕಾರದ ಲೆಕ್ಕದಲ್ಲಿ ಹುಟ್ಟೇ ಇರಲಿಲ್ಲ. ಆದ್ರೆ ಹತ್ತು ಗಂಟೆಗೆ ಸರಿಯಾಗಿ ಇರ್ತಿದ್ಲು.

"ಈ ಸಲ ಬ್ರೇಕ್ ಕೊಟ್ಟು ವಾಪಸ್ ತಗೊಳ್ಳೋದು ಬೇಡ" ಅಂದ್ರು ಶೇಷಗಿರಿಯಪ್ಪ. "ತಮ್ಮ ಡ್ರೈವರ್ ತಿಪ್ಪೇಶಿ ಗುತ್ತಿಗೆಯೋನೇ. ಅವನನ್ನ ಮನುಷ್ಯ ಮಾಡೋಣ. ನಾಯಿ ಮೇಲೆ ಗಾಡಿ ಹತ್ತಿಸಿದಾಗ್ಲೂ ಅವನ ನಾಡಿ ಏರಿಲ್ಲ ಸಾರ್."

ಬುಧವಾರ ಒಂಬತ್ತೂವರೆಗೆ ಕಂಟ್ರೋಲ್ ರೂಮು ತುಂಬಿತ್ತು. ಕೊಳ್ಳೋಕೆ ಬಂದ ಸೂಟಿನೋರು ನಾಲ್ಕು ಜನ ಗಾಜಿನ ಗೋಡೆ ಆಚೆ ಗೋಡಂಬಿ ತಿಂತಿದ್ರು. ಸಣ್ಣೀರಮ್ಮನ್ನ ಮೂಲೆಯ ಸ್ಟೂಲಿನ ಮೇಲೆ ಕೂರಿಸಿದ್ರು, ಹೊಸಬನಿಗೆ ಚಾರ್ಜ್ ಕೊಡೋಕೆ. ಅವಳು ಸಹಿ ಹಾಕಲ್ಲ ಅಂದ್ಲು.

"ನಿನ್ನ ಸಹಿ ಯಾರಿಗೆ ಬೇಕು? ಇವತ್ತು ನೀನು ಇಲ್ಲೇ ಇಲ್ಲ" ಅಂದ್ರು ಶೇಷಗಿರಿಯಪ್ಪ.

ಅವಳ ಕುರ್ಚಿಯಲ್ಲಿ ತಿಪ್ಪೇಶಿ ಕೂತಿದ್ದ. ಪಾಪ, ತಲೆಗೆ ಎಣ್ಣೆ ಹಚ್ಚಿ ಬಾಚ್ಕೊಂಡು ಬಂದಿದ್ದ. "ಏನಕ್ಕ, ಬರೀ ಬೆರಳಿಡೋದಾ? ಬೇರೆ ಕೆಲಸ ಇಲ್ವಾ?" ಅಂತ ಕೇಳ್ದ.

"ಲೋ ತಿಪ್ಪೇಶಿ, ಆಚೆ ಕಡೆ ಒಬ್ಬಳು ಕೂತವ್ಳೆ ಕಣೋ. ನಿನ್ ಅಕ್ಕನ ವಯಸ್ಸು. ಮಂಡಿ ನೋವು ಅವಳಿಗೆ..."

"ಆಚೆ ಹಾಕ್ರಿ ಅವಳನ್ನ!" ಅಂತ ಡೈರೆಕ್ಟರ್ ಕೂಗೋಷ್ಟರಲ್ಲಿ ಗುಮ್ಮ ಮಾತಾಡ್ತು.

"ಹೊಸ ಮನುಷ್ಯ ಪತ್ತೆ. ಹಳೆಯ ಮನುಷ್ಯನ ಸೇವಾ ಕಡತ ಒದಗಿಸಿ."

ಶೇಷಗಿರಿಯಪ್ಪನವರ ಜೀವನದ ಅಮೃತ ಘಳಿಗೆ ಅದು. ಕೆಂಪು ದಾರ ಬಿಚ್ಚಿದ್ರು. ಒಂದು ಹಾಳೆಯೂ ಬಿಡದೆ ಸ್ಕ್ಯಾನರಿಗೆ ಒಡ್ಡಿದ್ರು. ನೇಮಕ ಆದೇಶ, ಬ್ರೇಕ್ ಆದೇಶ, ಮರುನೇಮಕ ಆದೇಶ, ಬ್ರೇಕ್ ಆದೇಶ. ಪ್ರತಿಯೊಂದಕ್ಕೂ ಮೂರು ಸೀಲು. "ನೋಡ್ಕೊಳ್ಳಿ ಸಾರ್, ಒಂದ್ ದಿನ ಆಚೀಚೆ ಆಗಿಲ್ಲ. ಹೈಕೋರ್ಟಿಗೆ ಹೋದ್ರೂ ಈಯಮ್ಮಂಗೆ ಏನೂ ಸಿಗಲ್ಲ."

ಗೋಡೆ ಗಡಿಯಾರ ಒಂಬತ್ತು ಐವತ್ತೆಂಟು. ಪರದೆ ಮೇಲೆ ಲಾಂಬೂರಿನ ಒಂದು ಚಿಕ್ಕ ಕೋಣೆ ಆಕಾಶದಿಂದ ಕಾಣ್ತಿತ್ತು. ಹಂಚಿನ ಮಾಡು, ಪಕ್ಕದಲ್ಲಿ ಒಂದು ಹಗ್ಗ, ಹಗ್ಗದ ತುದಿಯಲ್ಲಿ ಬಿಳೀ ಚುಕ್ಕೆ. ಮೇಕೆ ಇರಬೇಕು. ಸಣ್ಣೀರಮ್ಮ ಸೆರಗು ಬಾಯಿಗೆ ತುರುಕ್ಕೊಂಡ್ಲು.

"ಬೆರಳಿಡೋ" ಅಂದ್ರು ಡೈರೆಕ್ಟರ್. ತಿಪ್ಪೇಶಿ ಬೆರಳಿಟ್ಟ. ಬೆಚ್ಚಗಿತ್ತು. ನಾಡಿ ಸಮವಾಗಿತ್ತು.

"ತಿರಸ್ಕೃತ" ಅಂತು ಗುಮ್ಮ.

"ಯಾಕೆ!"

"ಒಡಂಬಡಿಕೆಯ ಹತ್ತೊಂಬತ್ತನೇ ಕಲಮು. ಒಪ್ಪುವವರು ಸಿಗುವವರೆಗೆ ಮನುಷ್ಯರನ್ನು ಬದಲಿಸುತ್ತಾ ಹೋಗುವುದನ್ನು ತಡೆಯಲು, ಹೊಸಬರು ಬರುವ ಮುನ್ನ ಹಳೆಯ ಮನುಷ್ಯ ಹನ್ನೆರಡು ತಿಂಗಳು ಎಡೆಬಿಡದೆ ಕೂತಿರಬೇಕು, ಹುದ್ದೆ ಒಂದು ದಿನವೂ ಖಾಲಿ ಬಿದ್ದಿರಬಾರದು. ಕಡತದ ಪ್ರಕಾರ ಈ ಹುದ್ದೆ ಹನ್ನೊಂದು ತಿಂಗಳ ಹಿಂದೆ ಒಂದು ದಿನ ಖಾಲಿ ಇತ್ತು."

"ಅವತ್ತೂ ಬಂದಿದ್ಲಪ್ಪ ಅವಳು!" ಅಂತ ಕಿರುಚಿದ್ರು ಶೇಷಗಿರಿಯಪ್ಪ. "ನೀನೇ ಅವಳ ಹೆಬ್ಬೆಟ್ಟು ನೋಡಿದ್ದೆ! ಇಲ್ಲೇ ಕೂತಿದ್ಲು!"

"ಕೂತವರು ಯಾರು?" ಅಂತು ಗುಮ್ಮ. "ಆದೇಶದಲ್ಲಿ ತಮ್ಮದೇ ಸಹಿ ಇದೆ. 'ಸದರಿ ದಿನದಂದು ಸದರಿ ವ್ಯಕ್ತಿಗೂ ಈ ಕಚೇರಿಗೂ ಯಾವುದೇ ಸಂಬಂಧ ಇರುವುದಿಲ್ಲ.' ಅದಕ್ಕೂ ಹನ್ನೊಂದು ತಿಂಗಳ ಹಿಂದೆ ಇನ್ನೊಂದು ದಿನ ಖಾಲಿ. ಅದರ ಹಿಂದೆಯೂ. ಮೊದಲ ಹನ್ನೊಂದು ತಿಂಗಳು ಕಳೆದ ಮೇಲೆ ಈ ದೇಶದಲ್ಲಿ ಊರ್ಜಿತ ಮನುಷ್ಯ ಇರಲೇ ಇಲ್ಲ. ಯಂತ್ರಕ್ಕೆ ಬೀಗ. ಕಲಮು ಇಪ್ಪತ್ತರ ಪ್ರಕಾರ ಉಳಿದ ಆರು ದೇಶಗಳ ಕಡತ ಕೇಳಲಾಗುತ್ತಿದೆ."

ಕಣಜದ ಡಬ್ಬಿ ಬಾಯಿ ಮುಚ್ಕೊಳ್ತು. ಡೈರೆಕ್ಟರ್ ಬಾಯಿ ಮುಚ್ಚಲಿಲ್ಲ. ಗಾಜಿನ ಗೋಡೆ ಆಚೆ ಸೂಟಿನೋರು ಉಳಿದ ಗೋಡಂಬಿ ಜೇಬಿಗೆ ಹಾಕ್ಕೊಂಡು ಎದ್ರು.

ಸಣ್ಣೀರಮ್ಮ ಸ್ಟೂಲಿನಿಂದ ಎದ್ದು ಬಂದು ಫೋನ್ ಎತ್ತಿದ್ಲು. ಯಾರೂ ತಡೀಲಿಲ್ಲ. ಹತ್ತು ಗಂಟೆ ಒಂದು ನಿಮಿಷ.

"ತಮೀರಕ್ಕ, ಇದ್ದೀಯಾ?"

ಆ ಕಡೆಯಿಂದ ಉಸಿರಾಟ ಕೇಳಿಸ್ತು. ಆಮೇಲೆ ಯಂತ್ರ: "ಇರುವೆನು ಭಗಿನಿಯೇ. ಒಂದು ನಿಮಿಷದ ವಿಳಂಬವೇಕೆ? ನನ್ನ ಎದೆಯು ಢವಢವಿಸಿತು."

ಸಣ್ಣೀರಮ್ಮಂಗೆ ಅಳು ಬಂತು. ಅಳುವಿಗೆ ಭಾಷಾಂತರ ಇಲ್ಲದ್ದರಿಂದ ಯಂತ್ರ ಸುಮ್ಮನಿತ್ತು.

ಸಂಜೆ ಹೊತ್ತಿಗೆ ಆರೂ ದೇಶದಿಂದ ಉತ್ತರ ಬಂತು. ಲಾಂಬೂರಿನಲ್ಲಿ ಹತ್ತು ತಿಂಗಳಿಗೊಂದು ಬ್ರೇಕು. ಇನ್ನೊಂದು ದೇಶದಲ್ಲಿ ಆರು ತಿಂಗಳಿಗೊಂದು. ಮತ್ತೊಂದರಲ್ಲಿ ಏಜೆನ್ಸಿಯೇ ಬದಲಾಗಿ ಮನುಷ್ಯ ಯಾರು ಅಂತಲೇ ಗೊತ್ತಿರಲಿಲ್ಲ. ಏಳು ದೇಶ, ಏಳು ಗುಮ್ಮ, ಮೂರು ಲಕ್ಷ ಕಣಜ, ಕಾಗದದ ಮೇಲೆ ಒಬ್ಬ ಮನುಷ್ಯನೂ ಇಲ್ಲ. ಏಳೂ ಯಂತ್ರಕ್ಕೆ ಬೀಗ ಬಿತ್ತು.

ಬೀಗ ತೆಗೆಯೋಕೆ ಒಂದೇ ದಾರಿ. ಯಾರಾದ್ರೂ ಒಬ್ಬರನ್ನ ಹನ್ನೆರಡು ತಿಂಗಳು ಬ್ರೇಕ್ ಇಲ್ಲದೆ ಆ ಕುರ್ಚಿಯಲ್ಲಿ ಕೂರಿಸಬೇಕು. ಕೂರಿಸಿದ್ರೆ ಖಾಯಂ ಕೇಳೋ ಹಕ್ಕು ಬರುತ್ತೆ. ಡೈರೆಕ್ಟರ್ ಖುದ್ದಾಗಿ ದೇಶದ ಭದ್ರತೆ ಅಪಾಯದಲ್ಲಿದೆ ಅಂತ ನಲವತ್ತು ಪುಟ ಬರೆದು ಒಂದೇ ಒಂದು ಖಾಯಂ ಹುದ್ದೆ ಕೇಳಿದ್ರು. ಫೈಲು ಆರ್ಥಿಕ ಇಲಾಖೆಗೆ ಹೋಯ್ತು. ಅಲ್ಲಿವರೆಗೆ ಹತ್ತು ಗಂಟೆ ಫೋನಿಗೆ ಜನ ಬೇಕಲ್ಲ, ಸಣ್ಣೀರಮ್ಮನ್ನೇ ಕರೆಸಿದ್ರು. ಹೊಸ ನೇಮಕ, ಹನ್ನೊಂದು ತಿಂಗಳು.

"ಮತ್ತೆ ಹನ್ನೊಂದೇನಾ ಸಾ? ಇಷ್ಟಾದ ಮೇಲೂ?" ಅಂದ್ಲು.

"ಫೈಲು ಬರ್ಲಿ ತಾಳಮ್ಮ" ಅಂದ್ರು ಶೇಷಗಿರಿಯಪ್ಪ.

ನಾಲ್ಕನೇ ತಿಂಗಳಿಗೆ ಫೈಲು ಬಂತು. ಶೇಷಗಿರಿಯಪ್ಪ ಕನ್ನಡಕ ಹಾಕ್ಕೊಂಡು ಅವಳ ಮುಂದೆಯೇ ಓದಿದ್ರು:

"ಒಬ್ಬ ಮನುಷ್ಯನನ್ನು ಖಾಯಂ ಮಾಡಿದಲ್ಲಿ ಉಳಿದ ಮನುಷ್ಯರೂ ಇದೇ ಬೇಡಿಕೆ ಇಡುವ ಸಂಭವವಿರುವುದರಿಂದ ಪ್ರಸ್ತಾವನೆಯನ್ನು ತಿರಸ್ಕರಿಸಿದೆ. ಯುದ್ಧವನ್ನು ಹಾಲಿ ಇರುವ ಸಿಬ್ಬಂದಿಯಲ್ಲಿಯೇ ನಿಭಾಯಿಸತಕ್ಕದ್ದು."